ಬ್ಯಾಕೆಂಡ್‌ಗೆ ಗೋ ಕಲಿಯಬೇಕು, ಯಾವ ಪುಸ್ತಕ ಹಿಡಿಯಲಿ?

ಹಸಿರುದೀಪ

ನಾಲ್ಕು ವರ್ಷದಿಂದ ಫ್ರಂಟೆಂಡ್ ಕೆಲಸ, ಅಂದರೆ ಬ್ರೌಸರ್‌ನಲ್ಲಿ ಕಾಣುವ ಭಾಗ. ಜಾವಾಸ್ಕ್ರಿಪ್ಟ್, ರಿಯಾಕ್ಟ್, ಇಷ್ಟೇ ನನ್ನ ಪ್ರಪಂಚ. ಈಗ ತಂಡದಲ್ಲಿ ಬ್ಯಾಕೆಂಡ್ ಕಡೆ, ಅಂದರೆ ಸರ್ವರ್ ಭಾಗದಲ್ಲಿ, ಜಾಗ ಖಾಲಿಯಾಗಿದೆ, ಅಲ್ಲಿ ಎಲ್ಲಾ ಗೋ ಭಾಷೆ. ಮೂರು ತಿಂಗಳು ಸಮಯ ಕೊಟ್ಟಿದ್ದಾರೆ.

ವಿಡಿಯೊ ನೋಡಿ ಕಲಿಯೋಣ ಅಂತ ಶುರು ಮಾಡಿದೆ. ಹದಿನೈದು ಗಂಟೆ ನೋಡಿದ ಮೇಲೆ ಖಾಲಿ ಫೈಲ್ ತೆರೆದು ಕೂತರೆ ಕೈಯೇ ಓಡಲಿಲ್ಲ. ನೋಡುವಾಗ ಎಲ್ಲಾ ಗೊತ್ತು ಅನ್ನಿಸುತ್ತದೆ, ಬರೆಯುವಾಗ ಏನೂ ಬರುವುದಿಲ್ಲ. ಅದಕ್ಕೇ ಪುಸ್ತಕ ಹುಡುಕುತ್ತಿದ್ದೇನೆ. ಹುಡುಕಿದರೆ ಇಪ್ಪತ್ತು ಸಿಗುತ್ತವೆ. ಪ್ರತಿಯೊಂದರ ಕೆಳಗೂ ಒಬ್ಬರು "ಅದ್ಭುತ" ಅಂದಿದ್ದಾರೆ, ಇನ್ನೊಬ್ಬರು "ದಂಡ" ಅಂದಿದ್ದಾರೆ.

ನನಗೆ ಡೇಟಾಬೇಸ್ ಜೊತೆ ಕೆಲಸ ಮಾಡುವ ಜೇಸನ್ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿದ ಡೇಟಾ ಕೊಡುವ ಸೇವೆ) ಬರೆಯುವಷ್ಟು ಬಂದರೆ ಸಾಕು. ಒಂದೇ ಪುಸ್ತಕ ಅಂದರೆ ಯಾವುದು? ಪಾಯಿಂಟರ್ (ಮೆಮೊರಿ ವಿಳಾಸ ಹಿಡಿಯುವ ವೇರಿಯೇಬಲ್) ಅಂದರೆ ಕಾಲೇಜಿನ ಭಯ ಇನ್ನೂ ಹೋಗಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಪುಟ404

ಪುಸ್ತಕ ಬೇಡ. ಪ್ರಾಜೆಕ್ಟ್ ಮಾಡಿ.

ಸೆಮಿಕೋಲನ್

ಬಂತು ನೋಡಿ. ಯಾವ ಪುಸ್ತಕ ಅಂತ ಯಾರು ಕೇಳಿದರೂ ಮೊದಲ ಉತ್ತರ ಇದೇ.

ಹಳೇಬೇರು

ಒಂದೇ ಹೆಸರು ಅಂದರೆ ಡೊನೊವನ್ ಮತ್ತು ಕರ್ನಿಹನ್ ಬರೆದ "ದಿ ಗೋ ಪ್ರೋಗ್ರಾಮಿಂಗ್ ಲಾಂಗ್ವೇಜ್". ಹೌದು, ಸಿ ಭಾಷೆಯ ಪ್ರಸಿದ್ಧ ಪುಸ್ತಕದ ಅದೇ ಕರ್ನಿಹನ್. 2015ರಲ್ಲಿ ಬಂದದ್ದು. ಹಳೆಯದು ಅಂತ ಮೂಗು ಮುರಿಯಬೇಡಿ. ಏಳನೇ ಅಧ್ಯಾಯ ಇಂಟರ್‌ಫೇಸ್, ಎಂಟು ಮತ್ತು ಒಂಬತ್ತು ಗೋರೂಟೀನ್ (ಒಟ್ಟೊಟ್ಟಿಗೆ ಓಡುವ ಕೆಲಸಗಳು), ಚಾನೆಲ್, ಲಾಕ್. ಈ ಮೂರಕ್ಕೆ ಸಮನಾದದ್ದನ್ನು ನಾನು ಬೇರೆ ಕಡೆ ಓದಿಲ್ಲ.

ಓದುವ ರೀತಿ ಮಾತ್ರ ಬದಲಾಗಬೇಕು. ಒಂದು ಉದಾಹರಣೆ ಓದಿ, ಪುಸ್ತಕ ಮುಚ್ಚಿ, ಆ ಕೋಡ್ ನೀವೇ ಬರೆಯಿರಿ. ಸಿಕ್ಕಿಕೊಂಡರೆ ಮತ್ತೆ ತೆರೆಯಿರಿ. ನಿಧಾನ ಆಗುತ್ತದೆ, ಆದರೆ ತಲೆಯಲ್ಲಿ ಕೂತುಬಿಡುತ್ತದೆ.

ಸೊನ್ನೆಯಿಂದ

ಹಳೇಬೇರು ಸರ್, ಹೆಸರಿಗೆ ತಕ್ಕ ಉತ್ತರ 😄

ಪುಸ್ತಕ ಒಳ್ಳೆಯದೇ, ಆದರೆ ಹೊಸಬರಿಗೆ ಕೊಡುವಾಗ ಪೂರ್ತಿ ಹೇಳಿ. ಹತ್ತನೇ ಅಧ್ಯಾಯ ಗೋಪಾತ್ ಕಾಲದ್ದು, ಅಂದರೆ ಎಲ್ಲಾ ಕೋಡ್ ಒಂದೇ ಫೋಲ್ಡರ್ ಕೆಳಗೆ ಇಡುತ್ತಿದ್ದ ಕಾಲದ್ದು. ಅದರ ಬದಲು ಮಾಡ್ಯೂಲ್ ಬಂದಿದ್ದು 2018ರಲ್ಲಿ, ಗೋ 1.11ರ ಜೊತೆ. ಒಂದು ಎರರ್ ಒಳಗೆ ಇನ್ನೊಂದನ್ನು ಸುತ್ತಿ ಕಳಿಸುವ ಪದ್ಧತಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಬಂದಿದ್ದು 2019. ಒಂದೇ ಫಂಕ್ಷನ್ ಬೇರೆ ಬೇರೆ ಟೈಪ್‌ಗೆ ನಡೆಯುವ ಜೆನೆರಿಕ್ಸ್ 2022. ಕೆಲಸವನ್ನು ಮಧ್ಯದಲ್ಲೇ ರದ್ದು ಮಾಡಲು, ಗಡುವು ಹಾಕಲು ಬಳಸುವ ಕಾಂಟೆಕ್ಸ್ಟ್ ಪ್ಯಾಕೇಜ್ ಕೂಡ 2016ರಲ್ಲಿ ಸೇರಿದ್ದು. ಇವತ್ತಿನ ಬ್ಯಾಕೆಂಡ್ ಕೋಡ್‌ನಲ್ಲಿ ಕಾಂಟೆಕ್ಸ್ಟ್ ಇಲ್ಲದೆ ಡೇಟಾಬೇಸ್ ಮುಟ್ಟುವ ಫಂಕ್ಷನ್ ಎಷ್ಟು ಸಿಗುತ್ತವೆ ಹೇಳಿ?

ಇನ್ನು ಅಭ್ಯಾಸಗಳು. ಮೂರನೇ ಅಧ್ಯಾಯಕ್ಕೆ ಬಂದರೆ ಫ್ಲೋಟ್ ಕಲಿಸಲು ಮೂರು ಆಯಾಮದ ಚಿತ್ರ ಬರೆಸುತ್ತಾರೆ, ಕಾಂಪ್ಲೆಕ್ಸ್ ಸಂಖ್ಯೆಗೆ ಮ್ಯಾಂಡಲ್‌ಬ್ರಾಟ್ ಅನ್ನುವ ಗಣಿತದ ಚಿತ್ರ ಬರೆಸುತ್ತಾರೆ. ನಾನು ಲಾಗಿನ್ ಎಪಿಐ ಬರೆಯಬೇಕು ಅಂತ ಕೂತವನು. ವಾರ ಪೂರ್ತಿ ಬಣ್ಣಬಣ್ಣದ ಚಿತ್ರ ನೋಡಿಕೊಂಡು ಇದ್ದೆ.

ಹಳೇಬೇರು

ಮ್ಯಾಂಡಲ್‌ಬ್ರಾಟ್ ಹಾರಿಸಿ ಮುಂದೆ ಹೋಗಿ ಅಂತ ಹೇಳಬೇಕಿತ್ತು, ಒಪ್ಪಿದೆ. ಹತ್ತನೇ ಅಧ್ಯಾಯವನ್ನೂ ಹಾರಿಸಿ. ಆದರೆ ಹಳೆಯ ಪುಸ್ತಕದ ಕೋಡ್ ಓಡುವುದಿಲ್ಲ ಅನ್ನುವುದು ತಪ್ಪು. 2012ರಲ್ಲಿ 1.0 ಬಂದಾಗಲೇ ಹಳೆಯ ಕೋಡ್ ಮುರಿಯುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ. ಪುಸ್ತಕದಲ್ಲಿ ಬರುವ ಐಒಯುಟಿಲ್ ಪ್ಯಾಕೇಜ್‌ಗೆ ಈಗ ಎಡಿಟರ್, ಇದು ಹಳತಾಯಿತು ಅಂತ, ಅಡ್ಡಗೆರೆ ಎಳೆದು ತೋರಿಸುತ್ತದೆ, ಅಷ್ಟೇ. ಓಡುವುದಂತೂ ಓಡುತ್ತದೆ.

ಅಡ್ಡಗೆರೆ

ನನ್ನನ್ನು ಕರೆದ ಹಾಗಾಯಿತು.

ಮಾತು ಕೊಟ್ಟರು, ನಿಜ. ಆದರೆ ಒಂದು ಕಡೆ ಬೇಕಂತಲೇ ಬದಲಾಯಿಸಿದರು. ಫಾರ್ ಲೂಪ್ ಒಳಗೆ ಗೋರೂಟೀನ್ ಶುರು ಮಾಡಿದರೆ ಮೊದಲೆಲ್ಲ ಎಲ್ಲವೂ ಒಂದೇ ಲೂಪ್ ವೇರಿಯೇಬಲ್ ಹಂಚಿಕೊಳ್ಳುತ್ತಿದ್ದವು. ಅದಕ್ಕೇ ಹಳೆಯ ಪುಸ್ತಕಗಳು ಲೂಪ್ ಒಳಗೆ "ಐ := ಐ" ಅಂತ ಒಂದು ವಿಚಿತ್ರ ಸಾಲು ಬರೆಸುತ್ತವೆ. 2024ರ ಫೆಬ್ರವರಿಯಲ್ಲಿ ಬಂದ 1.22ರಿಂದ ಪ್ರತಿ ಸುತ್ತಿಗೂ ಹೊಸ ವೇರಿಯೇಬಲ್, ಆ ಸಾಲು ಬೇಕಿಲ್ಲ.

ಮಜಾ ಇರುವುದು ಮುಂದೆ. ನಮ್ಮಲ್ಲಿ ಹೊಸ ಹುಡುಗ ಒಬ್ಬ ಹೊಸ ಪುಸ್ತಕ ಓದಿ ಬಂದ. ಹಳೆಯ ಕೋಡ್‌ನಲ್ಲಿ ಈ ಸಾಲು ನೋಡಿ, ಇದು ದಂಡ ಅಂತ ಅಳಿಸಿದ. ಕಂಪೈಲರ್ 1.22 ಇತ್ತು, ಅವನ ಲೆಕ್ಕ ಸರಿ. ಆದರೆ ಲೂಪ್ ಹೇಗೆ ನಡೆಯಬೇಕು ಅನ್ನುವುದನ್ನು ಪ್ರಾಜೆಕ್ಟ್‌ನ ಗೋ.ಮಾಡ್ ಫೈಲ್‌ನಲ್ಲಿರುವ ಗೋ ವರ್ಷನ್ ಸಾಲು ತೀರ್ಮಾನ ಮಾಡುತ್ತದೆ. ಅಲ್ಲಿ ಇನ್ನೂ 1.19 ಅಂತ ಇತ್ತು. ಮೂವತ್ತು ಜನಕ್ಕೆ ಹೋಗಬೇಕಾದ ಮೇಲ್ ಪಟ್ಟಿಯ ಕೊನೆಯವನೊಬ್ಬನಿಗೇ ಮೂವತ್ತು ಸಲ ಹೋಯಿತು.

ಹಾಗಾಗಿ ಹಸಿರುದೀಪ ಅವರೇ, ಹೊಸ ಪುಸ್ತಕ ಓದಿದರೂ ಹಳೆಯ ಕೋಡ್ ಓದುವುದು ತಪ್ಪುವುದಿಲ್ಲ. ನಿಮ್ಮ ತಂಡದ ಗೋ.ಮಾಡ್ ಮೊದಲು ತೆರೆದು ನೋಡಿ. ಅಲ್ಲಿರುವ ಅಂಕಿ ನೋಡಿದ ಮೇಲೆ ಪುಸ್ತಕದ ವರ್ಷ ನೋಡಿ.

ಪುಟ404

ಪಾಪ ಆ ಕೊನೆಯವನು.

ತುಕ್ಕುಪ್ರಿಯ

ರಸ್ಟ್ ಭಾಷೆ ಕಲಿತಿದ್ದರೆ ಈ ತೊಂದರೆನೇ ಇರುತ್ತಿರಲಿಲ್ಲ. ಅದರ ಅಧಿಕೃತ ಪುಸ್ತಕ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ. ಸುಮ್ನೆ ಹೇಳಿದೆ.

ಸೆಮಿಕೋಲನ್

ಅವರ ತಂಡ ಗೋ ಬಳಸುತ್ತದೆ ಮಾರಾಯ. ಮೂರು ತಿಂಗಳಲ್ಲಿ ರಸ್ಟ್‌ನ ಬಾರೋ ಚೆಕರ್ (ಮೆಮೊರಿ ನಿಯಮ ತಪ್ಪಿದರೆ ಕಂಪೈಲ್ ಆಗಲು ಬಿಡದ ಪರೀಕ್ಷಕ) ಜೊತೆ ಜಗಳ ಆಡುತ್ತಾ ಕೂರಬೇಕಾ?

ಜಾವಾಎಂಟು

ಜಾವಾ ಅಂದರೆ ಪುಸ್ತಕಕ್ಕೆ ಬರವೇ ಇಲ್ಲ. ಎಲ್ಲಾ ದಪ್ಪ ದಪ್ಪ ಪುಸ್ತಕ, ಎಲ್ಲಾ ಉತ್ತರ ಅದರಲ್ಲೇ. ಹತ್ತು ವರ್ಷದ ಹಿಂದಿನದು ಈಗಲೂ ನಡೆಯುತ್ತದೆ.

ಸೊನ್ನೆಯಿಂದ

ಭಾಷೆಯ ಪುಸ್ತಕ ನಡೆಯುತ್ತದೆ. ಫ್ರೇಮ್‌ವರ್ಕ್ ಪುಸ್ತಕ ನಡೆಯುವುದಿಲ್ಲ. ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನ 3ನೇ ಆವೃತ್ತಿ ಬಂದಾಗ, 2022ರಲ್ಲಿ, ಜಾವಾಎಕ್ಸ್ ಅಂತ ಶುರುವಾಗುವ ಎಷ್ಟೋ ಇಂಪೋರ್ಟ್‌ಗಳು ಜಕಾರ್ತಾ ಆದವು. ಬೂಟ್ 2ರ ಪುಸ್ತಕ ಮುಂದಿಟ್ಟುಕೊಂಡು ಮೊದಲ ಎಂಟಿಟಿ ಕ್ಲಾಸ್ ಬರೆದವನಿಗೆ ಇಂಪೋರ್ಟ್ ಸಾಲಿನಲ್ಲೇ ಕೆಂಪು ಗೆರೆ. ಹೊಸಬನಿಗೆ ಅದು ತನ್ನ ತಪ್ಪೋ ಪುಸ್ತಕದ ತಪ್ಪೋ ಹೇಗೆ ಗೊತ್ತಾಗಬೇಕು? ಎರಡು ದಿನ ಕಳೆದುಕೊಂಡವರನ್ನು ನೋಡಿದ್ದೇನೆ.

ಜಾವಾಎಂಟು

ನಾವಿನ್ನೂ ಜಾವಾ 8ರಲ್ಲೇ ಇದ್ದೇವೆ. ಹಾಗಾಗಿ ನಮಗೆ ಗೊತ್ತಾಗಲಿಲ್ಲ.

ರಾತ್ರಿಪಾಳಿ

ನೀವೆಲ್ಲ ಭಾಷೆಯ ಪುಸ್ತಕವನ್ನೂ ಕೆಲಸದ ಪುಸ್ತಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಅವು ಬೇರೆ ಬೇರೆ. ನನಗೆ ಇದು ಗೊತ್ತಾಗಿದ್ದು ನಿದ್ದೆಗೆಟ್ಟು.

ಗೋ ಕಲಿತ ಮೊದಲ ವರ್ಷ. ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಬಳಕೆದಾರರ ಪಟ್ಟಿ ಕೊಡುವ ಒಂದು ಎಪಿಐ ಬರೆದೆ. ಕ್ವೆರಿ ಓಡಿಸು, ಒಂದೊಂದೇ ಸಾಲು ಸ್ಕ್ಯಾನ್ ಮಾಡು, ಎರರ್ ಬಂದರೆ ರಿಟರ್ನ್ ಮಾಡು. ಟೆಸ್ಟ್ ಪಾಸ್, ರಿವ್ಯೂ ಪಾಸ್. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಹೊತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ "ಟೂ ಮೆನಿ ಕ್ಲೈಂಟ್ಸ್" ಅನ್ನಲು ಶುರುವಾಯಿತು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು, ಹಾಗಾಗಿ ಮೂರು ಸಲ ರೀಸ್ಟಾರ್ಟ್ ಮಾಡಿ ಮಲಗಿದೆ.

ನಾಲ್ಕನೇ ರಾತ್ರಿ ಕೂತು ನೋಡಿದೆ. ಕೆಲವು ಬಳಕೆದಾರರ ಫೋನ್ ಕಾಲಂನಲ್ಲಿ ನಲ್ (ಬೆಲೆಯೇ ಇಲ್ಲದ ಖಾಲಿ) ಇತ್ತು. ನಾನು ಅದನ್ನು ಓದುತ್ತಿದ್ದದ್ದು ಸ್ಟ್ರಿಂಗ್‌ಗೆ. ನಲ್ ಸ್ಟ್ರಿಂಗ್ ಒಳಗೆ ಇಳಿಯುವುದಿಲ್ಲ, ಸ್ಕ್ಯಾನ್ ಎರರ್ ಕೊಡುತ್ತದೆ. ನಾನು ಅಲ್ಲೇ, ಅರ್ಧ ದಾರಿಯಲ್ಲಿ, ರಿಟರ್ನ್. ಕೊನೆಯ ಸಾಲಿನವರೆಗೆ ಓದಿದ್ದರೆ ರೋಸ್ (ಕ್ವೆರಿಯ ಸಾಲುಗಳನ್ನು ಕೊಡುವ ಆಬ್ಜೆಕ್ಟ್) ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮಧ್ಯದಲ್ಲಿ ಬಿಟ್ಟರೆ ನಾವೇ ಮುಚ್ಚಬೇಕು. ಮುಚ್ಚಿರಲಿಲ್ಲ. ಆ ಕನೆಕ್ಷನ್, ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಪೂಲ್‌ಗೆ ವಾಪಸ್ ಬರಲೇ ಇಲ್ಲ. ಪೂಲ್‌ಗೆ ಮಿತಿಯನ್ನೂ ಹಾಕಿರಲಿಲ್ಲ, ಹಾಕದಿದ್ದರೆ ಗೋ ಬೇಕಾದಷ್ಟು ಕನೆಕ್ಷನ್ ತೆರೆಯುತ್ತಾ ಹೋಗುತ್ತದೆ. ಪೋಸ್ಟ್‌ಗ್ರೆಸ್ ಡಿಫಾಲ್ಟ್ ಆಗಿ 100ಕ್ಕೆ ಬಾಗಿಲು ಹಾಕುತ್ತದೆ. ಫೋನ್ ನಂಬರ್ ಕೊಡದ ಒಬ್ಬೊಬ್ಬ ಬಳಕೆದಾರ ಪಟ್ಟಿಯಲ್ಲಿ ಬಂದಾಗಲೂ ಒಂದು ಕನೆಕ್ಷನ್ ಸೋರಿ ಸೋರಿ ಎರಡು ದಿನಕ್ಕೆ ನೂರು ತುಂಬುತ್ತಿತ್ತು. ಎರರ್‌ಗಳು ಲಾಗ್‌ನಲ್ಲಿ ಮೊದಲ ದಿನದಿಂದಲೂ ಇದ್ದವು. ಯಾರೂ ನೋಡಿರಲಿಲ್ಲ, ನಾನೂ ಸೇರಿ.

ಸರಿಪಡಿಸಿದ್ದು ಒಂದು ಸಾಲು. ಕ್ವೆರಿ ಆದ ತಕ್ಷಣ ಡಿಫರ್ (ಫಂಕ್ಷನ್ ಮುಗಿಯುವಾಗ ಓಡಿಸು ಅನ್ನುವ ಆದೇಶ) ಹಾಕಿ ರೋಸ್ ಕ್ಲೋಸ್. ನಾನು ಓದಿದ ಪುಸ್ತಕದಲ್ಲಿ ಡಿಫರ್ ಬಗ್ಗೆ ನಾಲ್ಕು ಪುಟ ಇತ್ತು. ಎಲ್ಲಾ ಉದಾಹರಣೆಯೂ ಫೈಲ್ ಮುಚ್ಚುವುದೇ. ಡೇಟಾಬೇಸ್ ಸುದ್ದಿಯೇ ಇಲ್ಲ.

ಅವತ್ತಿನಿಂದ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಪುಟಗಳ ಪದಸೂಚಿ ನೋಡುತ್ತೇನೆ. ಟೈಮೌಟ್, ಟ್ರಾನ್ಸಾಕ್ಷನ್, ಕಾಂಟೆಕ್ಸ್ಟ್, ಕನೆಕ್ಷನ್ ಪೂಲ್, ಶಟ್‌ಡೌನ್. ಈ ಐದರಲ್ಲಿ ನಾಲ್ಕು ಇದ್ದರೆ ಅದು ಬ್ಯಾಕೆಂಡ್ ಕೆಲಸದ ಪುಸ್ತಕ. ಒಂದೂ ಇಲ್ಲದಿದ್ದರೆ ಕೆಟ್ಟ ಪುಸ್ತಕ ಅಂತಲ್ಲ, ಭಾಷೆಯ ಪುಸ್ತಕ. ನಿಮಗೆ ಎರಡೂ ಬೇಕು.

ಮೌಸ್‌ಬಾಲ

ಟೈಮೌಟ್ ಅಂದದ್ದು ಸರಿ. ಗೋದ ಡಿಫಾಲ್ಟ್ ಎಚ್‌ಟಿಟಿಪಿ ಕ್ಲೈಂಟ್‌ಗೆ ಟೈಮೌಟೇ ಇಲ್ಲ. ಆ ಕಡೆಯವರು ಉತ್ತರ ಕೊಡದಿದ್ದರೆ ಈ ಕಡೆ ನಿಮ್ಮ ಕೋಡ್ ಕಾಯುತ್ತಲೇ ಇರುತ್ತದೆ. ಎಷ್ಟೋ ಟ್ಯುಟೋರಿಯಲ್ ಇದನ್ನು ಹೇಳುವುದೇ ಇಲ್ಲ.

ಹಸಿರುದೀಪ

ರಾತ್ರಿಪಾಳಿ ಸರ್, ಓದಿ ಭಯ ಆಯಿತು, ಆದರೆ ಪದಸೂಚಿ ಉಪಾಯ ಬಹಳ ಚೆನ್ನಾಗಿದೆ. ಎರಡು ಪುಸ್ತಕದ ಪದಸೂಚಿ ಆನ್‌ಲೈನ್‌ನಲ್ಲಿ ಸಿಕ್ಕಿತು, ಒಂದರಲ್ಲಿ ಟ್ರಾನ್ಸಾಕ್ಷನ್ ಅನ್ನುವ ಪದವೇ ಇಲ್ಲ. ಹೆಸರಿನಲ್ಲಿ ಮಾತ್ರ "ವೆಬ್" ಅಂತ ಇದೆ.

ಹಾಗಾದರೆ ಕೆಲಸದ ಪುಸ್ತಕ ಯಾವುದು?

ರಾತ್ರಿಪಾಳಿ

ಸರ್ ಅಲ್ಲ, ಮೇಡಂ 🙂

ಅಲೆಕ್ಸ್ ಎಡ್ವರ್ಡ್ಸ್ ಅವರ "ಲೆಟ್ಸ್ ಗೋ", ಅದರ ಮುಂದಿನದು "ಲೆಟ್ಸ್ ಗೋ ಫರ್ದರ್". ಮೊದಲನೆಯದು ಎಚ್‌ಟಿಎಮ್‌ಎಲ್ ಪುಟ ಕೊಡುವ ಆ್ಯಪ್, ಮೈಎಸ್‌ಕ್ಯೂಎಲ್ ಜೊತೆ. ಎರಡನೆಯದು ನಿಮಗೆ ಬೇಕಾದ ಜೇಸನ್ ಎಪಿಐ, ಪೋಸ್ಟ್‌ಗ್ರೆಸ್ ಜೊತೆ. ಪೇಜಿನೇಷನ್, ರೇಟ್ ಲಿಮಿಟ್, ಟೋಕನ್, ಸರ್ವರ್ ಅನ್ನು ಅರ್ಧಕ್ಕೆ ಕಡಿಯದೆ ನಿಲ್ಲಿಸುವುದು, ಎಲ್ಲಾ ಬರುತ್ತದೆ. ಹೊಸ ಗೋ ವರ್ಷನ್‌ಗೆ ತಕ್ಕ ಹಾಗೆ ತಿದ್ದುತ್ತಲೂ ಇರುತ್ತಾರೆ.

ಸೊನ್ನೆಯಿಂದ

ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಇಂಥ ಪುಸ್ತಕದಲ್ಲಿ ಪ್ರತಿ ಸಾಲೂ ಕೊಟ್ಟಿರುತ್ತಾರೆ. ಟೈಪ್ ಮಾಡುತ್ತಾ ಹೋದರೆ ಕೊನೆಗೆ ಒಂದು ಚಂದದ ಆ್ಯಪ್ ಸಿಗುತ್ತದೆ, ತಲೆಗೆ ಏನೂ ಸಿಗುವುದಿಲ್ಲ. ವಿಡಿಯೊ ನೋಡಿದ ಹಾಗೇ. ನಾನು ಎರಡನೇ ಪುಸ್ತಕದಲ್ಲಿ ಮಾಡಿದ್ದು ಹೀಗೆ: ಅಲ್ಲಿ ಸಿನಿಮಾಗಳ ಎಪಿಐ ಕಟ್ಟುತ್ತಾರೆ, ನಾನು ಗ್ರಂಥಾಲಯದ ಎಪಿಐ ಕಟ್ಟಿದೆ. ಸಿನಿಮಾವನ್ನು ಯಾರೂ ಸಾಲ ಒಯ್ಯುವುದಿಲ್ಲ, ಪುಸ್ತಕ ಒಯ್ಯುತ್ತಾರೆ. ಒಂದೇ ಪ್ರತಿಯನ್ನು ಇಬ್ಬರು ಒಂದೇ ಕ್ಷಣದಲ್ಲಿ ಕೇಳಿದರೆ? ಅಲ್ಲಿಂದ ಪುಸ್ತಕ ಕೈ ಬಿಟ್ಟಿತು, ನಾನೇ ಯೋಚಿಸಬೇಕಾಯಿತು.

ಪುಟ404

ಅಂದರೆ ಪ್ರಾಜೆಕ್ಟ್ ಮಾಡಿ ಅಂತ. ನಾನು ಇದನ್ನೇ ನಾಲ್ಕು ಪದದಲ್ಲಿ ಹೇಳಿದ್ದೆ.

ಕೇಳಿದರಾಯ್ತು

ಈ ಕಾಲದಲ್ಲಿ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಎಐ ಚಾಟ್‌ಗೆ ಕೇಳಿ. ಕೋಡ್ ಬರೆದುಕೊಟ್ಟು ಅರ್ಥವನ್ನೂ ಹೇಳುತ್ತದೆ. ಪುಸ್ತಕ ಯಾರು ಓದುತ್ತಾರೆ?

ರಾತ್ರಿಪಾಳಿ

ನಾನೂ ದಿನಾ ಕೇಳುತ್ತೇನೆ. ಆದರೆ ರೋಸ್ ಮುಚ್ಚಬೇಕು ಅಂತಲೇ ಗೊತ್ತಿಲ್ಲದವಳು "ರೋಸ್ ಮುಚ್ಚದಿದ್ದರೆ ಏನಾಗುತ್ತದೆ" ಅಂತ ಹೇಗೆ ಕೇಳುತ್ತಾಳೆ? ಪುಸ್ತಕ ನಾನು ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತದೆ. ಓದುತ್ತಾ ಓದುತ್ತಾ "ಓಹ್, ಹೀಗೂ ಆಗುತ್ತಾ" ಅನ್ನಿಸುವುದಕ್ಕೇ ಅದು ಬೇಕು.

ಕೇಳಿದರಾಯ್ತು

"ಈ ಕೋಡ್‌ನಲ್ಲಿ ಏನು ತಪ್ಪಿದೆ" ಅಂತ ಕೇಳಬಹುದಲ್ವಾ? ಅದಕ್ಕೆ ಏನೂ ಗೊತ್ತಿರಬೇಕಿಲ್ಲ.

ರಾತ್ರಿಪಾಳಿ

ಅದೂ ನಿಜವೇ. ಒಂದು ಅಂಕ ನಿಮಗೆ. ಆದರೆ ಕೊಟ್ಟ ಉತ್ತರ ಸರಿಯೋ ಅಂತ ತೂಗಲಾದರೂ ಸ್ವಲ್ಪ ಗೊತ್ತಿರಬೇಕು.

ಅಡ್ಡಗೆರೆ

ಹಸಿರುದೀಪ ಅವರು ಜಾವಾಸ್ಕ್ರಿಪ್ಟ್‌ನಿಂದ ಬರುತ್ತಿದ್ದಾರೆ, ಅದನ್ನು ಎಲ್ಲರೂ ಮರೆತಿರಿ. ಅವರಿಗೆ ಕಷ್ಟ ಆಗುವುದು ಪಾಯಿಂಟರ್ ಅಲ್ಲ. ಗೋದಲ್ಲಿ ಸಿ ಥರ ಪಾಯಿಂಟರ್‌ಗೆ ಒಂದು ಕೂಡಿಸಿ ಮುಂದೆ ಓಡಿಸುವ ಆಟ ಇಲ್ಲ. ಅವರಿಗೆ ಎಡವಟ್ಟಾಗುವುದು ನಕಲು. ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್‌ಗಳ ಅರೇ ಮೇಲೆ ಲೂಪ್ ಹೋಗಿ ಒಂದು ಫೀಲ್ಡ್ ಬದಲಿಸಿದರೆ ಮೂಲವೇ ಬದಲಾಗುತ್ತದೆ. ಗೋದಲ್ಲಿ ಸ್ಟ್ರಕ್ಟ್‌ಗಳ ಸ್ಲೈಸ್ (ಅರೇ ಥರದ ಪಟ್ಟಿ) ಮೇಲೆ ರೇಂಜ್ ಲೂಪ್ ಹಾಕಿದರೆ ಕೈಗೆ ಬರುವುದು ಒಂದು ನಕಲು. ಬದಲಿಸಿ ಬದಲಿಸಿ ಸುಸ್ತಾಗುತ್ತೀರಿ, ಮೂಲ ಹಾಗೇ ಇರುತ್ತದೆ.

ಇನ್ನೊಂದು, ಮ್ಯಾಪ್, ಅಂದರೆ ಒಂದೊಂದು ಕೀಗೆ ಒಂದು ಬೆಲೆ ಇಡುವ ಕೋಷ್ಟಕ. ನೋಡ್ ಜೆಎಸ್‌ನಲ್ಲಿ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಒಂದು ಗ್ಲೋಬಲ್ ಆಬ್ಜೆಕ್ಟ್ ಇಟ್ಟು ಕ್ಯಾಶ್ ಮಾಡುವ ಅಭ್ಯಾಸ ಇರುತ್ತದೆ. ಗೋದಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಒಂದು ಗೋರೂಟೀನ್. ಎರಡು ಒಟ್ಟಿಗೆ ಅದೇ ಮ್ಯಾಪ್‌ಗೆ ಬರೆದರೆ "ಕನ್‌ಕರೆಂಟ್ ಮ್ಯಾಪ್ ರೈಟ್ಸ್" ಅಂತ ಹೇಳಿ ಇಡೀ ಪ್ರೋಗ್ರಾಂ ಸಾಯಬಹುದು. ಕುಸಿತ ತಡೆಯುವ ರಿಕವರ್ ಹಾಕಿದರೂ ಬದುಕುವುದಿಲ್ಲ. ಟೆಸ್ಟ್ ಓಡಿಸುವಾಗ ಇಂಥ ಡಿಕ್ಕಿ ಹಿಡಿದುಕೊಡುವ ರೇಸ್ ಫ್ಲ್ಯಾಗ್ ಹಾಕುವುದನ್ನು ಮೊದಲ ತಿಂಗಳಲ್ಲೇ ರೂಢಿ ಮಾಡಿಕೊಳ್ಳಿ.

ಹಳೇಬೇರು

ಸಣ್ಣ ತಿದ್ದುಪಡಿ. ಎಚ್‌ಟಿಟಿಪಿ 1.1ರಲ್ಲಿ ರಿಕ್ವೆಸ್ಟ್‌ಗೊಂದಲ್ಲ, ಕನೆಕ್ಷನ್‌ಗೊಂದು ಗೋರೂಟೀನ್. ಒಂದೇ ಕನೆಕ್ಷನ್‌ನಲ್ಲಿ ಬಂದ ರಿಕ್ವೆಸ್ಟ್‌ಗಳು ಒಂದಾದ ಮೇಲೊಂದು ನಡೆಯುತ್ತವೆ. ಮ್ಯಾಪ್ ವಿಷಯದಲ್ಲಿ ಪರಿಣಾಮ ಅದೇ, ಆದರೂ ಹೇಳಿದೆ.

ಅಡ್ಡಗೆರೆ

ನೀವು ಹೇಳದಿದ್ದರೆ ಆಶ್ಚರ್ಯ ಆಗುತ್ತಿತ್ತು.

ಎಲೆಮರೆ

ಹಣ ಕೊಡುವ ಮೊದಲು "ಎ ಟೂರ್ ಆಫ್ ಗೋ" ಮಾಡಿ ಮುಗಿಸಿ. ಅಧಿಕೃತ, ಉಚಿತ, ಬ್ರೌಸರ್‌ನಲ್ಲೇ ಓಡುತ್ತದೆ. ಆಮೇಲೆ "ಎಫೆಕ್ಟಿವ್ ಗೋ" ಓದಿದರೆ ಪುಸ್ತಕವೇ ಬೇಕಾಗುವುದಿಲ್ಲ.

ಸೊನ್ನೆಯಿಂದ

ಟೂರ್ ಸರಿ. ಎಫೆಕ್ಟಿವ್ ಗೋ ಬರೆದದ್ದು 2009ರಲ್ಲಿ, ಆಮೇಲೆ ಹೆಚ್ಚೇನೂ ತಿದ್ದಿಲ್ಲ ಅಂತ ಆ ಪುಟದಲ್ಲೇ ಬರೆದಿದ್ದಾರೆ. ಓದಿ, ಆದರೆ ಅದೊಂದೇ ಸಾಲದು. ಭಾಷೆಗೆ ಹೊಸ ಪುಸ್ತಕ ಬೇಕಾದರೆ ಜಾನ್ ಬಾಡ್ನರ್ ಅವರ "ಲರ್ನಿಂಗ್ ಗೋ" ಇದೆ. ಎರಡನೇ ಆವೃತ್ತಿಯೇ ತೆಗೆದುಕೊಳ್ಳಿ, 2024ರದ್ದು. ಮೊದಲನೆಯದು 2021, ಜೆನೆರಿಕ್ಸ್ ಬರುವುದಕ್ಕೆ ಮೊದಲಿನದು. ಮುಖಪುಟ ನೋಡಿ ಮೋಸ ಹೋಗಬೇಡಿ. ಬೇರೆ ಭಾಷೆ ಗೊತ್ತಿದ್ದು ಬರುವವರಿಗೆ ಇದು ಕರ್ನಿಹನ್‌ಗಿಂತ ಹತ್ತಿರ ಅನ್ನಿಸುತ್ತದೆ. ಮ್ಯಾಂಡಲ್‌ಬ್ರಾಟ್ ಬರೆಸುವುದಿಲ್ಲ.

ತುಕ್ಕುಪ್ರಿಯ

ಮಾರ್ಟಿನ್ ಕ್ಲೆಪ್‌ಮನ್ ಅವರ "ಡಿಸೈನಿಂಗ್ ಡೇಟಾ-ಇಂಟೆನ್ಸಿವ್ ಅಪ್ಲಿಕೇಷನ್ಸ್" ಯಾರೂ ಹೇಳಲಿಲ್ಲವಾ? ಬ್ಯಾಕೆಂಡ್ ಅಂದರೆ ಅದು.

ರಾತ್ರಿಪಾಳಿ

ಒಳ್ಳೆಯ ಪುಸ್ತಕ, ತಪ್ಪು ಸಮಯ. ಇಂಡೆಕ್ಸ್ ಇಲ್ಲದ ಕ್ವೆರಿಯಿಂದ ಒಂದು ಸಲ ಬೈಸಿಕೊಂಡ ಮೇಲೆ ಓದಿದರೆ ಪ್ರತಿ ಪುಟವೂ ರುಚಿಸುತ್ತದೆ. ಮೂರು ತಿಂಗಳ ಗಡುವು ಇಟ್ಟುಕೊಂಡು ಓದುವುದಲ್ಲ.

ಮೌಸ್‌ಬಾಲ

ವಿಷಯ ಬಿಟ್ಟು ಒಂದು ಮಾತು. ಪಿಡಿಎಫ್‌ನಿಂದ ಕೋಡ್ ನಕಲು ಮಾಡಬೇಡಿ. ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಕಂಪೈಲರ್ ಬೈಯುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಹೋಗಿದೆ ನನ್ನದು.

ಇನ್ನೊಂದು. ಗೋ ಕೋಡ್‌ನಲ್ಲಿ ಅರ್ಧ ಭಾಗ "ಎರರ್ ನಿಲ್ ಅಲ್ಲದಿದ್ದರೆ" ಅನ್ನುವುದೇ. ಗೋದಲ್ಲಿ ನಿಲ್ ಅಂದರೆ ಖಾಲಿ, ಏನೂ ಇಲ್ಲ. ನಮಗೆ ಸುಲಭ ಅಲ್ವಾ? ಎರರ್ ಬಂತಾ, ನಿಲ್!

ಸೆಮಿಕೋಲನ್

ಅರ್ಥ ಉಲ್ಟಾ ಆಯಿತು ಗುರು. ನಿಲ್ ಆದರೆ ನಿಲ್ಲಬಾರದು. ನಿಲ್ ಅಲ್ಲದಿದ್ದರೆ ನಿಲ್ಲಬೇಕು.

ಮೌಸ್‌ಬಾಲ

ಜೋಕ್ ಕೊಂದುಬಿಟ್ಟಿರಿ.

ಹಸಿರುದೀಪ

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ನಮ್ಮ ಗೋ.ಮಾಡ್‌ನಲ್ಲಿ 1.21 ಇದೆ. ಅಂದರೆ ಹಳೆಯ ಲೂಪ್, ಅಡ್ಡಗೆರೆ ಅವರ ಮೇಲ್ ಕಥೆ ನೆನಪಿದೆ. ಟೂರ್ ಮುಗಿಸಿ "ಲರ್ನಿಂಗ್ ಗೋ" ಅರ್ಧ ಓದಿದೆ. ಕರ್ನಿಹನ್ ಪುಸ್ತಕ ತಂಡದವರೊಬ್ಬರ ಮೇಜಿನ ಮೇಲೆ ಇತ್ತು, ಎಂಟನೇ ಅಧ್ಯಾಯಕ್ಕೆ ಮಾತ್ರ ಅಂತ ಎರವಲು ತಂದಿದ್ದೇನೆ. ಸ್ಲೈಸ್ ನಕಲಿನ ಗುಂಡಿಗೆ ಎರಡನೇ ದಿನವೇ ಬಿದ್ದೆ. ಮೊದಲೇ ಓದಿದ್ದರಿಂದ ಹತ್ತು ನಿಮಿಷದಲ್ಲಿ ಎದ್ದೆ.

ಈಗ ಒಂದು ಸಿಕ್ಕು. ನನ್ನದೇ ಒಂದು ಎರರ್ ಟೈಪ್ ಮಾಡಿದ್ದೇನೆ. ಫಂಕ್ಷನ್ ಒಳಗೆ ಆ ಟೈಪ್‌ನ ಪಾಯಿಂಟರ್ ವೇರಿಯೇಬಲ್ ಇದೆ, ತಪ್ಪು ಏನೂ ಇಲ್ಲದಿದ್ದರೆ ಅದು ನಿಲ್ ಆಗಿಯೇ ಇರುತ್ತದೆ, ಕೊನೆಗೆ ಅದನ್ನೇ ಎರರ್ ಆಗಿ ರಿಟರ್ನ್ ಮಾಡುತ್ತೇನೆ. ಪ್ರಿಂಟ್ ಮಾಡಿ ನೋಡಿದೆ, ರಿಟರ್ನ್‌ಗೆ ಮುಂಚೆ ನಿಲ್ ಅಂತಲೇ ಇದೆ. ಆದರೆ ಹೊರಗೆ ಬಂದು ಪರೀಕ್ಷಿಸಿದರೆ ನಿಲ್ ಅಲ್ಲ ಅನ್ನುತ್ತದೆ! ಒಂದು ಗಂಟೆಯಿಂದ ನೋಡುತ್ತಿದ್ದೇನೆ.

ಹಳೇಬೇರು

ಎಂಟಕ್ಕೆ ಮಾತ್ರ ತಂದಿರಿ, ಉತ್ತರ ಏಳರಲ್ಲಿದೆ. ಎರರ್ ಅನ್ನುವುದು ಇಂಟರ್‌ಫೇಸ್. ಇಂಟರ್‌ಫೇಸ್ ಒಳಗೆ ಎರಡು ಖಾನೆ, ಒಂದು ಟೈಪ್, ಒಂದು ಬೆಲೆ. ಎರಡೂ ಖಾಲಿ ಇದ್ದರೆ ಮಾತ್ರ ಅದು ನಿಲ್. ನೀವು ಕಳಿಸಿದ್ದರಲ್ಲಿ ಬೆಲೆ ನಿಲ್, ಆದರೆ ಟೈಪ್ ಖಾನೆಯಲ್ಲಿ ನಿಮ್ಮ ಎರರ್ ಟೈಪ್‌ನ ಹೆಸರು ತುಂಬಿದೆ. ತಪ್ಪಿಲ್ಲದಿದ್ದರೆ ಆ ವೇರಿಯೇಬಲ್ ಕಳಿಸಬೇಡಿ, ನೇರವಾಗಿ ನಿಲ್ ಅಂತಲೇ ಬರೆದು ರಿಟರ್ನ್ ಮಾಡಿ. ಏಳನೇ ಅಧ್ಯಾಯದಲ್ಲಿ ಇದಕ್ಕೇ ಅಂತ ಒಂದು ಎಚ್ಚರಿಕೆಯ ಭಾಗ ಇದೆ. 2015ರದ್ದು, ಇವತ್ತಿಗೂ ಹಾಗೇ.

ಹಸಿರುದೀಪ

ಸರಿಹೋಯಿತು! ಪುಸ್ತಕ ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ ಅಂತ ಅವರಿಗೆ ಹೇಳಬೇಕು.

ಮೌಸ್‌ಬಾಲ

ಅಂದರೆ ನಿಲ್ ಆಗಿದ್ದರೂ ನಿಲ್ಲುತ್ತಿತ್ತು ಅನ್ನಿ.

ಸೆಮಿಕೋಲನ್

ಈ ಸಲ ಅರ್ಥ ಸರಿಯಾಗಿದೆ.